ಕುದುರೆ ಮೇಲೆ ಬಂದ ಹುಡುಗ, ಪಟ್ಟಿಯಿಂದ ಹೊರಗೆ

ಇವತ್ತು ಒಂದು ಹಾಡಿನ ವಿಚಾರ ಮಾತಾಡ್ತೀನಿ. ಹಾಡಿನ ಉದ್ದ 1 ನಿಮಿಷ 53 ಸೆಕೆಂಡ್. ನಮ್ಮ ಚಾನೆಲ್‌ನಲ್ಲಿ ಜಾಹೀರಾತಿನ ಒಂದು ಬ್ರೇಕ್ ಇದಕ್ಕಿಂತ ಉದ್ದ ಇರುತ್ತೆ, ನಿಮಗೇ ಗೊತ್ತು. ಆ ಹಾಡಿನ ಟ್ಯೂನ್‌ಗೆ ಕೊಟ್ಟ ದುಡ್ಡು 30 ಡಾಲರ್. ಆಗಿನ ಲೆಕ್ಕದಲ್ಲಿ 2,100 ರೂಪಾಯಿ ಆಸುಪಾಸು. ನಮ್ಮೂರ ಕಡೆ ಮದುವೆಗೆ ಡಿಜೆ ಕರೆಸೋಕೆ ಹೋದರೆ ಅಡ್ವಾನ್ಸ್‌ಗೂ ಸಾಲಲ್ಲ. ಅಂಥ ಹಾಡು 2019ರಲ್ಲಿ ಅಮೆರಿಕದ ಮುಖ್ಯ ಹಾಡುಪಟ್ಟಿಯಲ್ಲಿ, ಅಂದರೆ ಬಿಲ್‌ಬೋರ್ಡ್ ಹಾಟ್ 100ರಲ್ಲಿ, ಸತತ 19 ವಾರ ಮೊದಲನೇ ಸ್ಥಾನದಲ್ಲಿ ಕೂತಿತ್ತು. 1958ರಲ್ಲಿ ಆ ಪಟ್ಟಿ ಶುರುವಾದ ಮೇಲೆ ಅಲ್ಲಿಯವರೆಗೆ ಯಾವ ಹಾಡೂ ಅಷ್ಟು ವಾರ ಕೂತಿರಲಿಲ್ಲ.

ಇಷ್ಟೇ ಆಗಿದ್ದಿದ್ರೆ ಇದು ಸಿನಿಮಾ ಡೆಸ್ಕ್‌ನವರ ಸುದ್ದಿ. ನಾನು ಈ ಕುರ್ಚಿಯಲ್ಲಿ ಕೂತು ಹೇಳಬೇಕಾಗಿರಲಿಲ್ಲ. ಆದರೆ ಅದೇ ಹಾಡನ್ನು ಅದೇ ಬಿಲ್‌ಬೋರ್ಡ್ ಸಂಸ್ಥೆ ತನ್ನ ಇನ್ನೊಂದು ಪಟ್ಟಿಯಿಂದ, ಕಂಟ್ರಿ ಹಾಡುಗಳ ಪಟ್ಟಿಯಿಂದ, ಒಂದೇ ವಾರದಲ್ಲಿ ಎತ್ತಿ ಆಚೆ ಹಾಕಿತ್ತು. ಇದು ಕಂಟ್ರಿ ಅಲ್ಲ ಅಂತ. ಹಾಡಿದವನು ಒಬ್ಬ ಕಪ್ಪು ಹುಡುಗ. ಆಗ ವಯಸ್ಸು 19. ಹಾಡಿನ ಹೆಸರು ‘ಓಲ್ಡ್ ಟೌನ್ ರೋಡ್’. ಹುಡುಗ ತನಗೆ ತಾನೇ ಇಟ್ಟುಕೊಂಡ ಹೆಸರು ಲಿಲ್ ನಾಸ್ ಎಕ್ಸ್.

ಅಪ್ಪ ಅಮ್ಮ ಇಟ್ಟ ಹೆಸರು ಮೊಂಟೆರೊ ಲಾಮಾರ್ ಹಿಲ್. ಮೊಂಟೆರೊ ಅನ್ನೋದು ಮಿತ್ಸುಬಿಷಿ ಕಂಪನಿಯ ಕಾರಿನ ಹೆಸರು. ಮಗನಿಗೆ ಕಾರಿನ ಹೆಸರಿಟ್ಟ ಮನೆ ಅದು. ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಹತ್ತಿರ ಲಿಥಿಯಾ ಸ್ಪ್ರಿಂಗ್ಸ್ ಅಂತ ಒಂದು ಊರು, ಅಲ್ಲಿಯವನು. ವೆಸ್ಟ್ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದ, ಒಂದು ವರ್ಷಕ್ಕೇ ಬಿಟ್ಟ. ನಮ್ಮಲ್ಲಿ ಯಾರ ಮನೆಯಲ್ಲಾದರೂ ಹುಡುಗ ಕಂಪ್ಯೂಟರ್ ಸೈನ್ಸ್ ಸೀಟು ಬಿಟ್ಟು ‘ಹಾಡು ಮಾಡ್ತೀನಿ’ ಅಂದರೆ ಏನಾಗುತ್ತೆ? ನಾನು ನಾಲ್ಕು ವರ್ಷ ಇಂಜಿನಿಯರಿಂಗ್ ಪೂರ್ತಿ ಮುಗಿಸಿಯೇ ಮೈಕ್ ಹಿಡಿದವನು. ಆದರೂ ನಮ್ಮ ಸೋದರಮಾವ ಇವತ್ತಿಗೂ ಕೇಳ್ತಾರೆ, ‘ಯಾವುದಾದರೂ ಕಂಪನಿಗೆ ಟ್ರೈ ಮಾಡ್ಬಹುದಿತ್ತಲ್ಲೋ’ ಅಂತ. ಈ ಹುಡುಗ ಅಕ್ಕನ ಮನೆಯ ನೆಲದ ಮೇಲೆ ಮಲಗಿ, ದಿನವಿಡೀ ಇಂಟರ್ನೆಟ್‌ನಲ್ಲಿ ಮುಳುಗಿರುತ್ತಿದ್ದ. ಟ್ವಿಟರ್‌ನಲ್ಲಿ ಏನು ಹಾಕಿದರೆ ಜನ ಹಂಚಿಕೊಳ್ತಾರೆ ಅನ್ನುವ ವಿದ್ಯೆ ಅವನಿಗೆ ಅಲ್ಲೇ ಕರಗತ ಆಗಿತ್ತು.

ಆ ಹೊತ್ತಿಗೆ ಆನ್‌ಲೈನ್‌ನಲ್ಲಿ ಟ್ಯೂನ್ ಮಾರುವ ಸಂತೆಯೇ ಶುರುವಾಗಿತ್ತು. ಬೀಟ್ ಅಂತಾರೆ ಅದಕ್ಕೆ. ಯಾರೋ ಒಬ್ಬ ಮನೆಯಲ್ಲಿ ಕೂತು ತಾಳ, ವಾದ್ಯ ಎಲ್ಲ ಸೇರಿಸಿ ಇಟ್ಟಿರ್ತಾನೆ. ಇನ್ನೊಬ್ಬ ದುಡ್ಡು ಕೊಟ್ಟು ತಗೊಂಡು ಅದರ ಮೇಲೆ ಹಾಡ್ತಾನೆ. ಮೊಂಟೆರೊ ಹಾಗೆ 30 ಡಾಲರ್‌ಗೆ ಒಂದನ್ನು ತಗೊಂಡ. ಮಾಡಿದವನು ನೆದರ್‌ಲ್ಯಾಂಡ್ಸ್‌ನ ಒಬ್ಬ ಹುಡುಗ, ಯಂಗ್‌ಕಿಯೊ ಅಂತ ಹೆಸರು, ಅವನಿಗೂ ಹತ್ತೊಂಬತ್ತರ ಆಸುಪಾಸಿನ ವಯಸ್ಸೇ. ಆ ಬೀಟ್‌ನಲ್ಲಿ ತಂತಿ ಮೀಟಿದ ಹಾಗೆ ಒಂದು ನಾದ ಬರುತ್ತಲ್ಲ, ಅದನ್ನು ಅವನು ಎಲ್ಲಿಂದ ತಗೊಂಡಿದ್ದ ಗೊತ್ತಾ? ನೈನ್ ಇಂಚ್ ನೇಲ್ಸ್ ಅನ್ನುವ ರಾಕ್ ತಂಡದ 2008ರ ಒಂದು ಆಲ್ಬಮ್‌ನಿಂದ. ಯಂತ್ರದ ಗದ್ದಲದಂಥ ಸಂಗೀತ ಮಾಡುವ ತಂಡ ಅದು. ಹಳ್ಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಂದರೆ ರಾಕ್ ತಂಡದ ಚೂರು, ಡಚ್ ಹುಡುಗನ ಜೋಡಣೆ, ಅಟ್ಲಾಂಟಾದ ಕಪ್ಪು ಹುಡುಗನ ದನಿ. ರೆಕಾರ್ಡ್ ಮಾಡಿದ್ದು ಅಟ್ಲಾಂಟಾದ ಒಂದು ಸ್ಟುಡಿಯೊದಲ್ಲಿ, ಮಂಗಳವಾರದ ರಿಯಾಯಿತಿ ದರದಲ್ಲಿ, 20 ಡಾಲರ್‌ಗೆ. ತನ್ನ ಬೀಟ್ ಎಲ್ಲಿಗೆ ಹೋಗಿ ಏನಾಗಿದೆ ಅಂತ ಆ ಡಚ್ ಹುಡುಗನಿಗೆ ತಿಳಿದದ್ದು ಆಮೇಲೆ, ಇಂಟರ್ನೆಟ್ ಮೀಮ್ ನೋಡಿ.

ಹಾಡು ಹೊರಬಂದದ್ದು 2018ರ ಡಿಸೆಂಬರ್ 3. ಟಿಕ್‌ಟಾಕ್ ಮಕ್ಕಳ ಕೈಗೆ ಅದು ಸಿಕ್ಕಿತು. ಮಾಮೂಲಿ ಬಟ್ಟೆಯಲ್ಲಿ ನಿಂತಿರುವ ಹುಡುಗ ಒಂದು ಗುಟುಕು ಏನೋ ಕುಡೀತಾನೆ, ಹಾಡಿನ ತಾಳ ಬಿದ್ದ ಕೂಡಲೇ ಕೌಬಾಯ್ ಟೋಪಿ, ಬೂಟು ಹಾಕಿಕೊಂಡು ಕುಣೀತಾನೆ. ಅಷ್ಟೇ. ಲಕ್ಷಾಂತರ ಮಂದಿ ಅದನ್ನೇ ಮಾಡಿದರು. 2019ರ ಮಾರ್ಚ್ 16ರ ತಾರೀಖಿನ ಪಟ್ಟಿಗಳಲ್ಲಿ ಹಾಡು ಏಕಕಾಲಕ್ಕೆ ಮೂರು ಕಡೆ ಕಾಣಿಸಿಕೊಂಡಿತು. ಹಾಟ್ 100ರಲ್ಲಿ 83ನೇ ಸ್ಥಾನ, ಹಿಪ್‌ಹಾಪ್ ಪಟ್ಟಿಯಲ್ಲಿ 36, ಕಂಟ್ರಿ ಪಟ್ಟಿಯಲ್ಲಿ 19. ಮುಂದಿನ ವಾರ ನೋಡಿದರೆ ಕಂಟ್ರಿ ಪಟ್ಟಿಯಲ್ಲಿ ಹಾಡೇ ಇಲ್ಲ! ಘೋಷಣೆ ಇಲ್ಲ, ಸುದ್ದಿಗೋಷ್ಠಿ ಇಲ್ಲ. ಹಿಪ್‌ಹಾಪ್ ಪಟ್ಟಿಯಲ್ಲಿ ಮಾತ್ರ ಉಳಿಸಿದ್ದರು. ‘ರೋಲಿಂಗ್ ಸ್ಟೋನ್’ ಪತ್ರಿಕೆ ಬರೆದ ಮೇಲೆ ಊರಿಗೆಲ್ಲ ಗೊತ್ತಾಯಿತು. ಸಂಸ್ಥೆ ಕೊಟ್ಟ ವಿವರಣೆಯ ತಾತ್ಪರ್ಯ ಇಷ್ಟು: ಹಾಡಿನಲ್ಲಿ ಕೌಬಾಯ್ ಇದ್ದಾನೆ, ಕುದುರೆ ಇದೆ, ನಿಜ; ಆದರೆ ಇವತ್ತಿನ ಕಂಟ್ರಿ ಸಂಗೀತದ ಅಂಶಗಳು ಸಾಕಷ್ಟಿಲ್ಲ. ಹಾಡಿದವನ ಬಣ್ಣಕ್ಕೂ ಈ ನಿರ್ಧಾರಕ್ಕೂ ಸಂಬಂಧ ಇಲ್ಲ ಅಂತಲೂ ಹೇಳಿದರು.

ಹಾಗಾದರೆ ‘ಕಂಟ್ರಿ’ ಅಂದರೆ ಏನು?

ಕೆಲವರು ಅದನ್ನು ಅಮೆರಿಕದ ಜಾನಪದ ಅಂತಾರೆ. ಅದು ಪೂರ್ತಿ ಸರಿಯಲ್ಲ. ನಮ್ಮ ಸೋಬಾನೆ ಪದಕ್ಕೆ, ಬೀಸುವ ಪದಕ್ಕೆ ಬರೆದವರು ಯಾರು ಅಂತ ಇಲ್ಲ, ಕಂಪನಿ ಇಲ್ಲ, ವಾರದ ಪಟ್ಟಿ ಇಲ್ಲ. ಕಂಟ್ರಿಗೆ ಅದೆಲ್ಲ ಇದೆ. ನ್ಯಾಶ್‌ವಿಲ್ ಅನ್ನುವ ರಾಜಧಾನಿ ಇದೆ, ರೇಡಿಯೊ ಕೇಂದ್ರಗಳ ಜಾಲ ಇದೆ, ಪ್ರಶಸ್ತಿ ಇದೆ. ಗಿಟಾರ್, ಪಿಟೀಲು, ಬ್ಯಾಂಜೊ. ದಕ್ಷಿಣದ ಹಳ್ಳಿ, ಲಾರಿ, ಕುಡಿತ, ಕೈಕೊಟ್ಟ ಹೆಂಡತಿ, ದೇವರು. ಇವೆಲ್ಲ ಸೇರಿ ಕಂಟ್ರಿ. ಮತ್ತು, ಯಾರೂ ಬೋರ್ಡ್ ಹಾಕದಿದ್ದರೂ, ಬಿಳಿಯರ ಸಂಗೀತ.

ಆ ಬೋರ್ಡು ಎಲ್ಲಿಂದ ಬಂತು ಅನ್ನೋದು ಸ್ವಲ್ಪ ಕೇಳಿ. 1923ರ ಜೂನ್. ಇದೇ ಅಟ್ಲಾಂಟಾ ನಗರ. ಓಕೆ ರೆಕಾರ್ಡ್ಸ್ ಕಂಪನಿಯ ರಾಲ್ಫ್ ಪೀರ್ ಅನ್ನುವವರು ಬಂದು ಫಿಡ್ಲಿನ್ ಜಾನ್ ಕಾರ್ಸನ್ ಅನ್ನುವ ಪಿಟೀಲು ವಾದಕನ ಹಾಡನ್ನು ಮುದ್ರಿಸಿಕೊಂಡರು. ಪೀರ್‌ಗೆ ಆ ಹಾಡುಗಾರಿಕೆ ಒಂಚೂರೂ ಹಿಡಿಸಲಿಲ್ಲ. ಸ್ಥಳೀಯ ವ್ಯಾಪಾರಿಯ ಒತ್ತಾಯಕ್ಕೆ 500 ಪ್ರತಿ ಹಾಕಿಸಿದರು. ಅಷ್ಟೂ ಖಾಲಿ! ಕಂಪನಿಗಳಿಗೆ ಆಗ ಗೊತ್ತಾಯಿತು, ಹಳ್ಳಿ ಜನರ ಹತ್ತಿರವೂ ಗ್ರಾಮೋಫೋನ್ ಇದೆ, ದುಡ್ಡೂ ಇದೆ ಅಂತ. ಆದರೆ ಕ್ಯಾಟಲಾಗ್ ಮಾಡುವಾಗ ಎರಡು ಡಬ್ಬಿ ಮಾಡಿದರು. ಕಪ್ಪು ಜನರ ಹಾಡೆಲ್ಲ ‘ರೇಸ್ ರೆಕಾರ್ಡ್ಸ್’. ಬಿಳಿ ಹಳ್ಳಿಗರ ಹಾಡೆಲ್ಲ ‘ಹಿಲ್‌ಬಿಲಿ’, ಅಂದರೆ ಗುಡ್ಡಗಾಡಿನ ಗಮಾರ ಅನ್ನುವ ಹಾಗೆ. ಎರಡೂ ಬೈಗುಳವೇ, ನೋಡಿ. ಊರಲ್ಲಿ ಆಡುವವರು ಮಾತ್ರ ಬೇರೆ ಬೇರೆ ಇರಲಿಲ್ಲ. ಕಪ್ಪು ವಾದಕರೂ ಬಿಳಿ ವಾದಕರೂ ಒಬ್ಬರ ಹಾಡನ್ನು ಒಬ್ಬರು ಕಲಿತವರೇ. ಬ್ಯಾಂಜೊ ಇದೆಯಲ್ಲ, ಕಂಟ್ರಿ ಅಂದ ತಕ್ಷಣ ಕಣ್ಣಿಗೆ ಬರುವ ವಾದ್ಯ, ಅದರ ಮೂಲ ಪಶ್ಚಿಮ ಆಫ್ರಿಕಾದ ಸೋರೆಬುರುಡೆಯ ವಾದ್ಯ. ಗುಲಾಮರಾಗಿ ಬಂದವರ ಜೊತೆ ಬಂದದ್ದು. ವಾದ್ಯ ಒಳಗೆ ಬಂತು, ವಾದಕ ಹೊರಗೆ ಉಳಿದ.

1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆಯವರು ‘ರೇಸ್’ ಅನ್ನುವ ಹೆಸರು ತೆಗೆದು ‘ರಿದಮ್ ಅಂಡ್ ಬ್ಲೂಸ್’ ಅಂತ ಇಟ್ಟರು. ಇನ್ನೊಂದು ಕಡೆಗೆ ‘ಕಂಟ್ರಿ ಅಂಡ್ ವೆಸ್ಟರ್ನ್’ ಅಂತ ಹೆಸರು ಬಂತು. ಹೆಸರು ಮರ್ಯಾದೆಯದ್ದಾಯಿತು. ಡಬ್ಬಿ ಅವೇ ಎರಡು.

ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ಅಂದರೆ ಕಂಟ್ರಿ ಸಂಗೀತದವರಿಗೆ ದೊಡ್ಡ ಪೀಠ. ರೇಡಿಯೊ ಕಾರ್ಯಕ್ರಮ, ಇವತ್ತಿಗೂ ನಡೀತಿದೆ. ಅದರ ಆರಂಭದ ದಿನಗಳ ದೊಡ್ಡ ತಾರೆಗಳಲ್ಲಿ ಒಬ್ಬ ಡಿಫೋರ್ಡ್ ಬೈಲಿ, ಮೌತ್ ಆರ್ಗನ್ ನುಡಿಸುತ್ತಿದ್ದ ಕಪ್ಪು ಕಲಾವಿದ. ರೈಲಿನ ಸದ್ದನ್ನು ಬಾಯಲ್ಲಿ ತರಿಸುತ್ತಿದ್ದ. 1941ರಲ್ಲಿ ಅವನನ್ನು ಕೈಬಿಟ್ಟರು. ಆಮೇಲೆ ಅವನು ಹೊಟ್ಟೆ ಹೊರೆದದ್ದು ಬೂಟ್ ಪಾಲಿಶ್ ಅಂಗಡಿ ಇಟ್ಟುಕೊಂಡು. 1982ರಲ್ಲಿ ತೀರಿಕೊಂಡ. ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿದ್ದು 2005ರಲ್ಲಿ. ಸತ್ತು 23 ವರ್ಷ ಆದ ಮೇಲೆ. ಇನ್ನೊಬ್ಬರು ಚಾರ್ಲಿ ಪ್ರೈಡ್. ಮಿಸಿಸಿಪ್ಪಿಯ ಹತ್ತಿ ಹೊಲದ ಮನೆತನ. 1966ರಲ್ಲಿ ಆರ್‌ಸಿಎ ಕಂಪನಿ ಅವರ ಮೊದಲ ರೆಕಾರ್ಡುಗಳನ್ನು ರೇಡಿಯೊ ಕೇಂದ್ರಗಳಿಗೆ ಕಳಿಸುವಾಗ ಜೊತೆಗೆ ಫೋಟೊ ಇಡಲಿಲ್ಲ. ಏಕೆ ಅಂತ ನಾನು ಬಿಡಿಸಿ ಹೇಳಬೇಕಾ? ಕೇಳುಗರು ಮೊದಲು ದನಿಗೆ ಮನಸೋತರು, ಮುಖ ಆಮೇಲೆ ನೋಡಿದರು. ಮುಂದೆ ಅವರ 29 ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋದವು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು. ನನ್ನ ಡಿಬೇಟ್ ನೋಡುವವರಿಗೆ ಗೊತ್ತು, ಎದುರಿನವರಿಗೆ ಮಾತಾಡಲು ಬಿಡದಿದ್ದರೆ ನನಗೆ ಊಟ ಸೇರಲ್ಲ. (ನಗಬೇಡಿ.) ಕಂಟ್ರಿಯವರ ದೂರು ಹೀಗಿತ್ತು: ನಾವು ವರ್ಷಗಟ್ಟಲೆ ಊರೂರು ಜಾತ್ರೆಯಲ್ಲಿ, ಸಣ್ಣ ಬಾರ್‌ಗಳಲ್ಲಿ ಹಾಡಿ, ರೇಡಿಯೊ ಕೇಂದ್ರಗಳ ಬಾಗಿಲು ಬಡಿದು, 40ನೇ ಸ್ಥಾನಕ್ಕೆ ಬರ್ತೀವಿ; ಯಾರೋ ಒಬ್ಬ ಮೀಮ್ ಮಾಡುವ ಹುಡುಗ ಅಪ್‌ಲೋಡ್ ಮಾಡುವಾಗ ಫಾರಂನಲ್ಲಿ ‘ಕಂಟ್ರಿ’ ಅಂತ ಟಿಕ್ ಹಾಕಿ ನೇರ 19ಕ್ಕೆ ಬಂದುಬಿಟ್ಟರೆ? ಈ ದೂರಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಅವನು ಹಾಗೆ ಟಿಕ್ ಹಾಕಿದ್ದು ನಿಜ. ಪೈಪೋಟಿ ಕಡಿಮೆ ಇರುವ ಪಟ್ಟಿಯಲ್ಲಿ ಬೇಗ ಮೇಲೆ ಬರಬಹುದು ಅನ್ನುವುದು ಇಂಟರ್ನೆಟ್ ಹುಡುಗರಿಗೆಲ್ಲ ಗೊತ್ತಿರುವ ಲೆಕ್ಕ. ಪಟ್ಟಿ ಅಂದ ಮೇಲೆ ಗಡಿ ಬೇಕು. ಗಡಿ ಇಲ್ಲದಿದ್ದರೆ ಅದು ಪಟ್ಟಿಯೇ ಅಲ್ಲ. ಒಪ್ಪಿದೆ.

ಆದರೆ ಗಡಿ ಎಲ್ಲರಿಗೂ ಒಂದೇ ಇರಬೇಕಲ್ವಾ ಸ್ವಾಮಿ?

2013ರಲ್ಲಿ ಫ್ಲೋರಿಡಾ ಜಾರ್ಜಿಯಾ ಲೈನ್ ಅನ್ನುವ ಬಿಳಿ ಹುಡುಗರ ಜೋಡಿಯ ‘ಕ್ರೂಸ್’ ಅನ್ನುವ ಹಾಡು ಇದೇ ಕಂಟ್ರಿ ಪಟ್ಟಿಯಲ್ಲಿ 24 ವಾರ ಮೊದಲ ಸ್ಥಾನದಲ್ಲಿತ್ತು. ಅದಕ್ಕೂ ಮುಂಚೆ ದಾಖಲೆ 21 ವಾರದ್ದು, 1940–50ರ ದಶಕದ ಹಾಡುಗಳದ್ದು. ‘ಕ್ರೂಸ್’ ಅಷ್ಟು ದಿನ ನಿಲ್ಲೋಕೆ ದೊಡ್ಡ ಕಾರಣ ಅದರ ರೀಮಿಕ್ಸ್. ಅದರಲ್ಲಿ ಯಾರಿದ್ದರು? ನೆಲ್ಲಿ. ರ‍್ಯಾಪ್ ಗಾಯಕ. 2017–18ರಲ್ಲಿ ಅದೇ ಜೋಡಿ ಬೀಬಿ ರೆಕ್ಸಾ ಅನ್ನುವ ಪಾಪ್ ಗಾಯಕಿಯ ಜೊತೆ ಹಾಡಿದ ‘ಮೆಂಟ್ ಟು ಬಿ’ ಕಂಟ್ರಿ ಪಟ್ಟಿಯಲ್ಲಿ 50 ವಾರ ಮೊದಲ ಸ್ಥಾನ. 50 ವಾರ! ವರ್ಷಕ್ಕೆ ಎರಡು ವಾರ ಕಡಿಮೆ. ಕಂಪ್ಯೂಟರ್ ಡ್ರಮ್ ಅಲ್ಲಿಯೂ ಇತ್ತು, ರ‍್ಯಾಪ್ ಅಲ್ಲಿಯೂ ಇತ್ತು. ಆಗ ‘ಕಂಟ್ರಿಯ ಅಂಶ ಸಾಕಷ್ಟಿಲ್ಲ’ ಅಂತ ಯಾರೂ ಪಟ್ಟಿಯಿಂದ ತೆಗೆಯಲಿಲ್ಲ. ಲ್ಯಾಬ್‌ನಲ್ಲಿ ಒಂದು ಸ್ಯಾಂಪಲ್‌ಗೆ ಒಂದು ಮಾಪಕ, ಇನ್ನೊಂದಕ್ಕೆ ಇನ್ನೊಂದು ಮಾಪಕ ಇಟ್ಟು ರೀಡಿಂಗ್ ಬರೆದರೆ ನಮ್ಮ ಮೇಷ್ಟ್ರು ರೆಕಾರ್ಡ್ ಪುಸ್ತಕವನ್ನು ಮುಖಕ್ಕೇ ಎಸೀತಿದ್ದರು.

ಕಪ್ಪು ಬಿಳುಪಿನ ಲೆಕ್ಕದಲ್ಲಷ್ಟೇ ಇದನ್ನು ಮುಗಿಸೋಕೂ ಆಗಲ್ಲ. ಈ ಗಡಿ ಕಾಯುವವರು ಬಿಳಿಯರನ್ನೂ ಬಿಟ್ಟಿಲ್ಲ. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಇದ್ದವರಿಗೆಲ್ಲ ಒಂದು ಹಾಡು ಗೊತ್ತಿರುತ್ತೆ, ಜಾನ್ ಡೆನ್ವರ್ ಹಾಡಿದ ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’. ನಮ್ಮ ಬ್ಲಾಕ್‌ನಲ್ಲಿ ಗಿಟಾರ್ ಕೊಂಡವರೆಲ್ಲ ಮೊದಲು ಕಲಿತದ್ದು ಅದನ್ನೇ. ಗಿಟಾರ್ ಬರದ ನಮ್ಮಂಥವರು ಬಕೆಟ್ ಬಡಿದು ಸಾಥ್ ಕೊಡ್ತಿದ್ವಿ. ಸಪ್ಲಿಮೆಂಟರಿ ಪರೀಕ್ಷೆಯ ಹಿಂದಿನ ರಾತ್ರಿ ಹಾಸನದವನು, ಬೀದರ್‌ನವನು, ಕುಂದಾಪುರದವನು ಎಲ್ಲ ಸೇರಿ, ಯಾರೂ ನೋಡದ ವೆಸ್ಟ್ ವರ್ಜೀನಿಯಾವನ್ನು ನೆನೆಸಿಕೊಂಡು ಕಣ್ಣು ಒದ್ದೆ ಮಾಡ್ಕೊಳ್ಳೋದು. ಕಂಟ್ರಿ ಅಂದರೆ ನಮಗೆ ಗೊತ್ತಿದ್ದದ್ದು ಅದೊಂದೇ, ಹೆಸರಿನಲ್ಲೇ ಕಂಟ್ರಿ ಇದೆಯಲ್ಲ! 1971ರಲ್ಲಿ ಆ ಹಾಡು ಹಾಟ್ 100ರಲ್ಲಿ 2ನೇ ಸ್ಥಾನಕ್ಕೆ ಹೋಗಿತ್ತು. ಅದೇ ವರ್ಷ ಕಂಟ್ರಿ ಪಟ್ಟಿಯಲ್ಲಿ ಅದು ಏರಿದ ಅತಿ ಎತ್ತರದ ಸ್ಥಾನ ಎಷ್ಟು ಗೊತ್ತಾ? 50. ನ್ಯಾಶ್‌ವಿಲ್‌ನವರಿಗೆ ಡೆನ್ವರ್ ಹೊರಗಿನವನು. 1975ರ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಪ್ರಶಸ್ತಿ ಸಮಾರಂಭದಲ್ಲಿ ವರ್ಷದ ಅತ್ಯುತ್ತಮ ಕಲಾವಿದನ ಹೆಸರು ಓದಲು ಬಂದ ಗಾಯಕ ಚಾರ್ಲಿ ರಿಚ್, ಲಕೋಟೆ ತೆರೆದು ಜಾನ್ ಡೆನ್ವರ್ ಹೆಸರು ನೋಡಿ, ಜೇಬಿನಿಂದ ಲೈಟರ್ ತೆಗೆದು ಲಕೋಟೆಗೆ ಬೆಂಕಿ ಹಚ್ಚಿಬಿಟ್ಟ. ಟಿವಿಯಲ್ಲಿ, ಎಲ್ಲರ ಮುಂದೆ. ಪ್ರತಿಭಟನೆಯೋ, ಕುಡಿದ ಅಮಲೋ, ತಮಾಷೆಯೋ ಅನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ.

ಮಹಿಳೆಯರನ್ನೂ ಬಿಟ್ಟಿಲ್ಲ. 2015ರಲ್ಲಿ ಒಬ್ಬ ರೇಡಿಯೊ ಸಲಹೆಗಾರ, ಕಂಟ್ರಿ ಕೇಂದ್ರಗಳು ಗಾಯಕಿಯರ ಹಾಡನ್ನು ಜಾಸ್ತಿ ಹಾಕಬಾರದು, ಸಲಾಡ್‌ನಲ್ಲಿ ಸೊಪ್ಪು ಅಂದರೆ ಗಂಡಸರು, ಟೊಮೆಟೊ ಹೆಂಗಸರು ಅನ್ನುವ ಅರ್ಥದ ಮಾತಾಡಿ ಸಿಕ್ಕಾಪಟ್ಟೆ ಉಗಿಸಿಕೊಂಡ. ರೇಟಿಂಗ್ ಬೇಕಾದರೆ ಟೊಮೆಟೊ ಕಡಿಮೆ ಹಾಕಿ ಅನ್ನೋದು ಅವನ ಸಲಹೆ.

ರೇಟಿಂಗ್ ಅಂದೆ ನೋಡಿ, ಈಗ ನನ್ನ ಹೊಟ್ಟೆಪಾಡಿನ ವಿಷಯಕ್ಕೆ ಬಂದೆ.

ಪಟ್ಟಿ ಅನ್ನೋದು ಥರ್ಮಾಮೀಟರ್ ಇದ್ದ ಹಾಗೆ, ಇರುವ ಜ್ವರವನ್ನು ತೋರಿಸುತ್ತೆ ಅಂತ ನಾವೆಲ್ಲ ನಂಬಿರ್ತೀವಿ. ಮಾಪಕ ಬದಲಾದರೆ ಜ್ವರವೇ ಬದಲಾಗುತ್ತೆ ಅನ್ನೋದಕ್ಕೆ ಬಿಲ್‌ಬೋರ್ಡ್ ಚರಿತ್ರೆಯೇ ಸಾಕ್ಷಿ. 1991ರ ಮೇ ತಿಂಗಳವರೆಗೆ ಅಮೆರಿಕದಲ್ಲಿ ಯಾವ ಆಲ್ಬಮ್ ಎಷ್ಟು ಮಾರಿತು ಅನ್ನೋದನ್ನು ಅಂಗಡಿಯವರು ಫೋನಿನಲ್ಲಿ ಬಾಯಿಮಾತಲ್ಲಿ ಹೇಳ್ತಿದ್ದರು. ‘ಯಾವುದು ಚೆನ್ನಾಗಿ ಹೋಗ್ತಿದೆ?’ ‘ಇದು ಸಾರ್.’ ಅಷ್ಟೇ. ಆಮೇಲೆ ಸೌಂಡ್‌ಸ್ಕ್ಯಾನ್ ಬಂತು. ಬಿಲ್ಲಿಂಗ್ ಕೌಂಟರ್‌ನಲ್ಲಿ ಬಾರ್‌ಕೋಡ್ ಬಡಿದ ಲೆಕ್ಕವೇ ನೇರ ಪಟ್ಟಿಗೆ. ನೋಡಿದರೆ, ಅಂಗಡಿ ಹುಡುಗರು ಅಷ್ಟು ದಿನ ಹೇಳದೇ ಇದ್ದ ಎರಡು ಜಾತಿಯ ಸಂಗೀತ ದಿಢೀರ್ ಅಂತ ಮೇಲೆ ಬಂತು: ರ‍್ಯಾಪ್ ಮತ್ತು ಕಂಟ್ರಿ! ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗಾರ್ತ್ ಬ್ರೂಕ್ಸ್ ಅನ್ನುವ ಕಂಟ್ರಿ ಗಾಯಕನ ‘ರೋಪಿನ್ ದ ವಿಂಡ್’ ಆಲ್ಬಮ್ ಬಂದ ವಾರವೇ ಮೊದಲ ಸ್ಥಾನಕ್ಕೆ ಹೋಯಿತು. ಕಂಟ್ರಿ ಆಲ್ಬಮ್ ಒಂದಕ್ಕೆ ಹಾಗಾದದ್ದು ಅದೇ ಮೊದಲು. ಕೇಳುವವರು ಮೊದಲೂ ಇದ್ದರು. ಅವರನ್ನು ಎಣಿಸಿರಲಿಲ್ಲ.

2012ರ ಅಕ್ಟೋಬರ್‌ನಲ್ಲಿ ಇನ್ನೊಂದು ಬದಲಾವಣೆ. ಅಲ್ಲಿಯವರೆಗೆ ಕಂಟ್ರಿ ಪಟ್ಟಿ ಅಂದರೆ ಕಂಟ್ರಿ ರೇಡಿಯೊ ಕೇಂದ್ರಗಳು ಏನು ಹಾಕಿದವು ಅನ್ನುವ ಲೆಕ್ಕ. ಆಮೇಲೆ ಡೌನ್‌ಲೋಡ್, ಸ್ಟ್ರೀಮಿಂಗ್, ಎಲ್ಲ ಬಗೆಯ ರೇಡಿಯೊ ಸೇರಿಸಿ ಎಣಿಸೋಕೆ ಶುರುಮಾಡಿದರು. ರೇಡಿಯೊ ಲೆಕ್ಕವನ್ನು ‘ಕಂಟ್ರಿ ಏರ್‌ಪ್ಲೇ’ ಅಂತ ಬೇರೆ ಪಟ್ಟಿ ಮಾಡಿದರು. ಅಂದರೆ ಎಣಿಸುವ ಕೆಲಸ ಜನರ ಬೆರಳಿಗೆ ಹೋಯಿತು. ಒಳಗೆ ಯಾರನ್ನು ಬಿಡಬೇಕು ಅನ್ನುವ ಕೆಲಸ ಮಾತ್ರ ಒಂದು ಕೋಣೆಯಲ್ಲಿ ಕೂತ ನಾಲ್ಕು ಜನರ ಕೈಯಲ್ಲೇ ಉಳಿಯಿತು. ‘ಓಲ್ಡ್ ಟೌನ್ ರೋಡ್’ ಬಡಿದದ್ದು ಆ ಕೋಣೆಯ ಬಾಗಿಲನ್ನು.

ಇದನ್ನು ನಾನು ಅಮೆರಿಕದವರ ತಲೆನೋವು ಅಂತ ನೋಡಲ್ಲ. ಪ್ರತಿ ಗುರುವಾರ ಬೆಳಗ್ಗೆ ನಮ್ಮ ನ್ಯೂಸ್‌ರೂಮ್‌ನಲ್ಲಿ ಎಲ್ಲರ ಮುಖ ಒಂದು ಹಾಳೆಯನ್ನು ನೋಡುತ್ತಾ ಕೂತಿರುತ್ತೆ. ಟಿಆರ್‌ಪಿ. 2020ರ ಅಂದಾಜಿನಲ್ಲಿ ಈ ದೇಶದಲ್ಲಿ ಟಿವಿ ಇದ್ದ ಮನೆ 21 ಕೋಟಿ. ಆಗ ಬಾರ್ಕ್ ಸಂಸ್ಥೆ ಮೀಟರ್ ಇಟ್ಟಿದ್ದ ಮನೆ ಸುಮಾರು 44 ಸಾವಿರ. ಭಾಗಿಸಿ ನೋಡಿ, 4,700ಕ್ಕೂ ಹೆಚ್ಚು ಮನೆಗೆ ಒಂದು ಮೀಟರ್. ಸರಿಯಾಗಿ ಆರಿಸಿದ ಸ್ಯಾಂಪಲ್ ಆದರೆ ಅಷ್ಟು ಸಾಕು ಅಂತ ಸ್ಟ್ಯಾಟಿಸ್ಟಿಕ್ಸ್ ಹೇಳುತ್ತೆ, ನಾನೂ ಓದಿದ್ದೀನಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಟಿಆರ್‌ಪಿ ತಿರುಚಿದ ಆರೋಪದ ಗಲಾಟೆ ಎದ್ದು, ಸುದ್ದಿ ಚಾನೆಲ್‌ಗಳ ರೇಟಿಂಗನ್ನೇ ನಿಲ್ಲಿಸಿದರು. ಮತ್ತೆ ಕೊಡೋಕೆ ಶುರುಮಾಡಿದ್ದು 2022ರ ಮಾರ್ಚ್‌ನಲ್ಲಿ, ನಾಲ್ಕು ವಾರದ ಸರಾಸರಿ ಲೆಕ್ಕದಲ್ಲಿ. ಆ ಒಂದೂವರೆ ವರ್ಷ ಯಾರು ಮೊದಲು, ಯಾರು ಕೊನೆ ಅಂತ ಯಾರಿಗೂ ಗೊತ್ತಿಲ್ಲ. ಆದರೂ ಎಲ್ಲ ಚಾನೆಲ್‌ನವರೂ ‘ನಾವೇ ನಂಬರ್ ಒನ್’ ಅಂತ ಹಾಕ್ಕೊಂಡೇ ಇದ್ದರು. ನಾನು ಕೆಲಸ ಮಾಡುವ ಚಾನೆಲ್ ಸೇರಿದ ಹಾಗೆ.

ಇರಲಿ, ಹುಡುಗನ ಕಥೆಗೆ ವಾಪಸ್ ಬರೋಣ.

ಪಟ್ಟಿಯಿಂದ ತೆಗೆದ ಸುದ್ದಿ ಹಬ್ಬಿದಾಗ ಅವನ ಪರ ನಿಂತವರಲ್ಲಿ ಒಬ್ಬರು ಬಿಲಿ ರೇ ಸೈರಸ್. ಕೆಂಟಕಿಯ ಬಿಳಿ ಗಾಯಕ, ಆಗ 57 ವಯಸ್ಸು. ಈಗಿನ ಹುಡುಗರಿಗೆ ಮೈಲಿ ಸೈರಸ್ ಅಪ್ಪ ಅಂದರೆ ಗೊತ್ತಾಗುತ್ತೆ. 1992ರಲ್ಲಿ ‘ಏಕಿ ಬ್ರೇಕಿ ಹಾರ್ಟ್’ ಅನ್ನುವ ಅವರ ಹಾಡು ಊರೆಲ್ಲ ಕುಣಿಸಿತ್ತು, ಆಗ ಕಂಟ್ರಿಯವರೇ ಕೆಲವರು ‘ಇದೆಂಥಾ ಕಂಟ್ರಿ’ ಅಂತ ಮೂಗು ಮುರಿದಿದ್ದರು. ಏಟು ತಿಂದವರಿಗೆ ಏಟಿನ ನೋವು ಗೊತ್ತಿರುತ್ತೆ. ಸೈರಸ್ ಒಂದು ಚರಣ ಸೇರಿಸಿ ಹಾಡಿದ ರೀಮಿಕ್ಸ್ 2019ರ ಏಪ್ರಿಲ್ 5ಕ್ಕೆ ಬಂತು. ಈಗ ಹಾಡು 2 ನಿಮಿಷ 37 ಸೆಕೆಂಡ್. ಏಪ್ರಿಲ್ 13ರ ಪಟ್ಟಿಯಲ್ಲಿ ಹಾಟ್ 100ರ ಮೊದಲ ಸ್ಥಾನ. ಅದರ ಮುಂದಿನ ವಾರದ ಪಟ್ಟಿಗೆ ಅಮೆರಿಕ ಒಂದರಲ್ಲೇ ಲೆಕ್ಕಕ್ಕೆ ಬಂದ ಸ್ಟ್ರೀಮ್‌ಗಳು 14 ಕೋಟಿ 30 ಲಕ್ಷ. ಅದಕ್ಕೂ ಹಿಂದೆ ಡ್ರೇಕ್ ಹೆಸರಲ್ಲಿದ್ದ ಒಂದು ವಾರದ ದಾಖಲೆ 11 ಕೋಟಿ 62 ಲಕ್ಷ.

ಹೆಸರಾಂತ ಕಂಟ್ರಿ ಗಾಯಕನೇ ಬಂದು ಹಾಡಿದ ಮೇಲಾದರೂ ಕಂಟ್ರಿ ಪಟ್ಟಿಗೆ ಸೇರಿಸಿದರಾ? ಇಲ್ಲ. ಕಂಟ್ರಿ ರೇಡಿಯೊ ಹಾಕಿತಾ? ಏರ್‌ಪ್ಲೇ ಪಟ್ಟಿಯಲ್ಲಿ 50ರ ಆಸುಪಾಸಿಗೆ ಬಂದು ನಿಂತಿತು. ಜಾನ್ ಡೆನ್ವರ್ ನಿಂತ ಜಾಗದಲ್ಲೇ, 48 ವರ್ಷ ಆದ ಮೇಲೆ.

ಹುಡುಗ ಸುಮ್ಮನೆ ಕೂರಲಿಲ್ಲ. ಹಾಡು ಇಳಿಯುತ್ತೆ ಅನ್ನುವಾಗೆಲ್ಲ ಹೊಸ ರೀಮಿಕ್ಸ್ ಬಿಟ್ಟ. ಒಂದರಲ್ಲಿ ರ‍್ಯಾಪರ್ ಯಂಗ್ ಥಗ್ ಜೊತೆಗೆ, ವಾಲ್‌ಮಾರ್ಟ್ ಅಂಗಡಿಯಲ್ಲಿ ನಿಂತು ಹಾಡಿ ಹೆಸರಾಗಿದ್ದ ಪುಟ್ಟ ಹುಡುಗ ಮೇಸನ್ ರಾಮ್ಸೆ. ಇನ್ನೊಂದರಲ್ಲಿ ಕೊರಿಯಾದ ಬಿಟಿಎಸ್ ತಂಡದ ಆರ್‌ಎಂ. ನಿಯಮದ ಪ್ರಕಾರ ರೀಮಿಕ್ಸ್‌ಗಳ ಲೆಕ್ಕವೆಲ್ಲ ಮೂಲ ಹಾಡಿಗೇ ಸೇರುತ್ತೆ. ಹೊರಗೆ ಹಾಕಲು ನಿಯಮ ಬಳಸಿದವರ ಆಟವನ್ನು ಅವನು ನಿಯಮದಲ್ಲೇ ಆಡಿದ. ಟೇಲರ್ ಸ್ವಿಫ್ಟ್‌ಳ ಎರಡು ಹೊಸ ಹಾಡು 2ನೇ ಸ್ಥಾನದವರೆಗೆ ಬಂದು ಇವನನ್ನು ದಾಟಲಾರದೆ ವಾಪಸ್ ಹೋದವು. 1995–96ರ ಒಂದು ಹಾಡು, 2017ರ ‘ಡೆಸ್ಪಾಸಿಟೊ’, ಎರಡೂ ತಲಾ 16 ವಾರದ ದಾಖಲೆ ಹಂಚಿಕೊಂಡಿದ್ದವು. ಅದು ಮುರಿಯಿತು. 19 ವಾರ ಆದ ಮೇಲೆ ಆಗಸ್ಟ್‌ನಲ್ಲಿ ಬಿಲಿ ಐಲಿಶ್ ಬಂದು ಇಳಿಸಿದಳು.

ಈ ಮಧ್ಯೆ ನನಗೆ ತುಂಬ ಹಿಡಿಸಿದ ದೃಶ್ಯ ಒಂದಿದೆ. ಮೇ ತಿಂಗಳಲ್ಲಿ ಓಹಾಯೊ ರಾಜ್ಯದ ಒಂದು ಪ್ರಾಥಮಿಕ ಶಾಲೆಗೆ ಅವನು ಹೋದ. ಅಲ್ಲಿಯ ಮಕ್ಕಳು ಈ ಹಾಡನ್ನು ಒಕ್ಕೊರಲಿನಲ್ಲಿ ಹಾಡುವ ವಿಡಿಯೊ ಹರಿದಾಡಿತ್ತು, ಅದಕ್ಕೆ. ಅವನು ಬಾಗಿಲಲ್ಲಿ ಕಾಣಿಸಿದ್ದೇ ತಡ, ಜಿಮ್ ಹಾಲ್ ತುಂಬ ಕೂತಿದ್ದ ಮಕ್ಕಳು ಎದ್ದು ಕುಣಿದರು ನೋಡಿ! ಏಳೆಂಟು ವರ್ಷದ ಮಕ್ಕಳು. ಪ್ರತಿ ಪದ ಬಾಯಿಪಾಠ. ಅವರಿಗೆ ಕುದುರೆ ಗೊತ್ತು, ಟೋಪಿ ಗೊತ್ತು. ಇದು ಯಾವ ಪಟ್ಟಿಯಲ್ಲಿದೆ ಅನ್ನೋದು ಗೊತ್ತಿಲ್ಲ.

ಜೂನ್ 30, ಹಾಡು ಇನ್ನೂ ಮೊದಲ ಸ್ಥಾನದಲ್ಲಿರುವಾಗಲೇ, ತಾನು ಸಲಿಂಗಿ ಅಂತ ಅವನು ಜಗತ್ತಿಗೆ ಹೇಳಿದ. ಕಂಟ್ರಿಯ ಬೇಲಿ ಒಂದು ಕಡೆ, ರ‍್ಯಾಪ್ ಲೋಕದ ಗಂಡಸುತನದ ಗತ್ತು ಇನ್ನೊಂದು ಕಡೆ. ಎರಡೂ ಕಡೆಯಿಂದ ಕಲ್ಲು ಬೀಳಬಹುದು ಅಂತ ಗೊತ್ತಿದ್ದೇ ಹೇಳಿದ. ಕಾಯಬಹುದಿತ್ತು, ಹಾಡು ಇಳಿದ ಮೇಲೆ ಹೇಳಬಹುದಿತ್ತು. 20 ವರ್ಷದ ಹುಡುಗ. ನನ್ನ ಪ್ರಕಾರ ಆ ವರ್ಷ ಅವನು ಮಾಡಿದ ದೊಡ್ಡ ಕೆಲಸ 19 ವಾರ ಅಲ್ಲ, ಇದು.

ಆಮೇಲೆ ನವೆಂಬರ್‌ನಲ್ಲಿ, ಲಕೋಟೆ ಸುಟ್ಟಿದ್ದ ಅದೇ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಇವನಿಗೂ ಸೈರಸ್‌ಗೂ ‘ವರ್ಷದ ಸಂಗೀತ ಪ್ರಸಂಗ’ ಅನ್ನುವ ಪ್ರಶಸ್ತಿ ಕೊಟ್ಟಿತು. ಹಾಡು ಕಂಟ್ರಿ ಅಲ್ಲ, ಪ್ರಸಂಗ ಮಾತ್ರ ಕಂಟ್ರಿಯದ್ದು! 2020ರ ಜನವರಿಯಲ್ಲಿ ಗ್ರ್ಯಾಮಿಯಲ್ಲಿ ಎರಡು ಪ್ರಶಸ್ತಿ ಬಂದವು, ಒಂದು ಪಾಪ್ ಜೋಡಿ ಹಾಡಿಗೆ, ಇನ್ನೊಂದು ವಿಡಿಯೊಗೆ.

ಬಾಗಿಲು ಮಾತ್ರ ಅಲ್ಲಿಂದ ಸ್ವಲ್ಪ ಸಡಿಲ ಆಗಿದೆ. 2024ರ ಫೆಬ್ರವರಿಯಲ್ಲಿ ಬಿಯಾನ್ಸೆ ‘ಟೆಕ್ಸಸ್ ಹೋಲ್ಡ್ ಎಮ್’ ಬಿಟ್ಟರು. ಒಕ್ಲಹಾಮಾದ ಒಂದು ಸಣ್ಣ ರೇಡಿಯೊ ಕೇಂದ್ರಕ್ಕೆ ಯಾರೋ ‘ಆ ಹಾಡು ಹಾಕಿ’ ಅಂತ ಕೇಳಿದರೆ, ‘ನಮ್ಮದು ಕಂಟ್ರಿ ಕೇಂದ್ರ’ ಅಂತ ಉತ್ತರ ಬಂತು. ಅಭಿಮಾನಿಗಳು ಮುಗಿಬಿದ್ದ ಮೇಲೆ ಹಾಕಿದರು. ಅದೇ ತಿಂಗಳು ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಕಪ್ಪು ಮಹಿಳೆಯೊಬ್ಬರ ಹಾಡಿಗೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು, ಪಟ್ಟಿ ಶುರುವಾಗಿ 80 ವರ್ಷಕ್ಕೆ. ಆ ಹಾಡಿನಲ್ಲಿ ಬ್ಯಾಂಜೊ ನುಡಿಸಿದವರು ರಿಯಾನನ್ ಗಿಡನ್ಸ್, ಬ್ಯಾಂಜೊದ ಆಫ್ರಿಕನ್ ಮೂಲವನ್ನು ಜನರಿಗೆ ತಿಳಿಸಿ ಹೇಳುತ್ತಲೇ ಬಂದಿರುವ ಕಪ್ಪು ಕಲಾವಿದೆ. ಅದೇ ವರ್ಷ ಶಬೂಜಿ ಅನ್ನುವ, ನೈಜೀರಿಯಾ ಮೂಲದ ತಂದೆತಾಯಿಯ ಮಗ, ವರ್ಜೀನಿಯಾದವನು, ‘ಎ ಬಾರ್ ಸಾಂಗ್’ ಹಾಡಿ ಹಾಟ್ 100ರಲ್ಲಿ ಸರಿಯಾಗಿ 19 ವಾರ ನಿಂತು ‘ಓಲ್ಡ್ ಟೌನ್ ರೋಡ್’ ದಾಖಲೆ ಸರಿಗಟ್ಟಿದ. ಇವನ ಹಾಡನ್ನು ಕಂಟ್ರಿ ರೇಡಿಯೊಗಳೂ ಹಾಕಿದವು, ಏರ್‌ಪ್ಲೇ ಪಟ್ಟಿಯಲ್ಲೂ ಮೊದಲ ಸ್ಥಾನ ಬಂತು.

ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ ಆಲ್ಬಮ್‌ಗೆ ಆ ವರ್ಷದ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಪ್ರಶಸ್ತಿಗಳಲ್ಲಿ ಒಂದೇ ಒಂದು ನಾಮನಿರ್ದೇಶನ ಸಿಗಲಿಲ್ಲ. 2025ರ ಫೆಬ್ರವರಿಯಲ್ಲಿ ಗ್ರ್ಯಾಮಿಯವರು ಅದಕ್ಕೇ ಅತ್ಯುತ್ತಮ ಕಂಟ್ರಿ ಆಲ್ಬಮ್ ಪ್ರಶಸ್ತಿ ಕೊಟ್ಟರು. ಅದೇ ಜೂನ್‌ನಲ್ಲಿ ಒಂದು ಪ್ರಕಟಣೆ ಬಂತು: ಇನ್ನು ಮುಂದೆ ಅತ್ಯುತ್ತಮ ಕಂಟ್ರಿ ಆಲ್ಬಮ್ ಅಂತ ಒಂದೇ ಪ್ರಶಸ್ತಿ ಇರಲ್ಲ. ಸಾಂಪ್ರದಾಯಿಕ ಕಂಟ್ರಿ ಒಂದು, ಸಮಕಾಲೀನ ಕಂಟ್ರಿ ಒಂದು. ಈ ಪ್ರಸ್ತಾಪ ಕಂಟ್ರಿ ಸಂಗೀತಗಾರರ ಕಡೆಯಿಂದಲೇ ಬಂದದ್ದು ಅಂತ ಗ್ರ್ಯಾಮಿಯವರ ವಿವರಣೆ. ಎರಡು ಡಬ್ಬಿ, ಮತ್ತೆ.

ಯಾರ ಹಾಡು ಯಾವ ಡಬ್ಬಿಗೆ ಹೋಗುತ್ತೆ ಅನ್ನೋದನ್ನು ಮುಂದಿನ ಪಟ್ಟಿಗಳಲ್ಲಿ ನೋಡೋಣ.